ನಮ್ಮೂರಿನ ಗುಂಡಿ

ನಮ್ಮೂರನ್ನು ನೋಡಲು ಬರುವವರಿಗೆ ಕಣ್ಣೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ. ಕರಿ ಕನ್ನಡಕ, ಉಣ್ಣೆ ಟೋಪಿ, ಬೆಟ್ಟಕ್ಕೊಂದು ನೀರಿಗೊಂದು ಚಪ್ಪಲಿ, ಹೆಗಲಿಗೆ ಚೀಲ, ಚೀಲದ ತುಂಬ ಕುರುಕಲು. ಘಾಟಿಯ ಒಂದೊಂದು ತಿರುವಿಗೂ ವಾಂತಿ ಮಾಡಿಕೊಂಡು ಮೇಲೆ ಬರುತ್ತಾರೆ. ಬಸ್ಸಿಳಿದು ಬಾಯಿ ಒರೆಸಿಕೊಳ್ಳುವ ಮೊದಲೇ ನೀರಿಗೆ ಬೆನ್ನು ಮಾಡಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಬೆನ್ನು ಮಾಡಿದರೆ ನಮಗೇನೂ ಬೇಜಾರಿಲ್ಲ, ಬೆನ್ನಿಗೆ ಬಾಯಿ ಇರುವುದಿಲ್ಲವಲ್ಲ. ಅವರು ಈ ಕಡೆ ತಿರುಗಿದಾಗ ಮಾತ್ರ ನಮ್ಮ ಎದೆ ಡವಡವ ಅನ್ನುತ್ತದೆ. ತಿರುಗುತ್ತಾರೆ, ನೋಡುತ್ತಾರೆ, ‘ಆಹಾ’ ಅನ್ನುತ್ತಾರೆ. ಅಂದ ಕೂಡಲೇ ನೀರು ಒಂದು ಕೂದಲೆಳೆ ಕೆಳಗಿಳಿಯುತ್ತದೆ.

ಬಂದವರು ಅದನ್ನು ಲೇಕ್ ಅನ್ನುತ್ತಾರೆ. ಸ್ವಲ್ಪ ಓದಿಕೊಂಡವರು ಸರೋವರ ಅನ್ನುತ್ತಾರೆ. ನಾವು ಗುಂಡಿ ಅನ್ನುತ್ತೇವೆ. ಸುತ್ತ ಮೂರು ಬೆಟ್ಟಗಳಿವೆ, ನಡುವೆ ಗುಂಡಿ ಇದೆ. ಹೇಗಿದೆ ಎಂದು ಮಾತ್ರ ಕೇಳಬೇಡಿ, ನಾನು ಹೇಳುವುದಿಲ್ಲ.

ನಮ್ಮೂರಲ್ಲಿ ಹೊಗಳಿದ್ದು ಕುಗ್ಗುತ್ತದೆ, ಬೈದದ್ದು ತುಂಬಿಕೊಳ್ಳುತ್ತದೆ. ಇಲ್ಲಿ ಬಾಳುವವರಿಗೆ ಇದರಿಂದ ಅಂಥ ತೊಂದರೆಯೇನೂ ಇಲ್ಲ. ತಾಯಂದಿರು ಮಕ್ಕಳಿಗೆ ‘ಬಾರೋ ಕೋತಿಮೂತಿ’ ಎಂದು ತುತ್ತು ಕೊಡುತ್ತಾರೆ. ಹೂವಿನವಳು ‘ಬಾಡಿದ ಮಲ್ಲಿಗೆ, ಮುಡಿದ್ರೆ ತಲೆನೋವು’ ಎಂದು ಕೂಗುತ್ತ ಹೋಗುತ್ತಾಳೆ. ಮದುವೆಯ ಕರೆಯೋಲೆಯಲ್ಲಿ ವರನನ್ನು ಅಪ್ರಯೋಜಕನೆಂದೂ ವಧುವನ್ನು ಸೋಮಾರಿಯೆಂದೂ ಅಚ್ಚು ಹಾಕಿಸುತ್ತೇವೆ. ಕಾಲಲ್ಲಿ ಆಣಿಯೆದ್ದರೆ ಡಾಕ್ಟರ ಬಳಿ ಯಾರೂ ಹೋಗುವುದಿಲ್ಲ. ಮೂರು ಹೊತ್ತೂ ಅದಕ್ಕೆ ‘ಎಂಥಾ ಆಣಿನಪ್ಪ, ಎಷ್ಟ್ ದುಂಡಗಿದೆ’ ಎಂದು ಉಪಚಾರ ಹೇಳಿದರೆ ಕರಗಿ ಹೋಗುತ್ತದೆ. ಲಾಡ್ಜಿಗೆ ಬಂದವರ ಹೆಣಭಾರದ ಚೀಲಗಳನ್ನೂ ನಾವು ಹೊಗಳಿಯೇ ಮಹಡಿ ಹತ್ತಿಸುವುದು. ರೂಮಿನಲ್ಲಿ ಜಿಪ್ಪು ಸಿಕ್ಕಿಹಾಕಿಕೊಂಡಾಗ ಅವರೇ ಅದಕ್ಕೆ ಬೈದುಕೊಳ್ಳುತ್ತಾರೆ, ಚೀಲ ಮೊದಲಿನಂತಾಗುತ್ತದೆ.

ಒಂದು ವ್ಯತ್ಯಾಸವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಗಳುವುದಕ್ಕೆ ಮನಸ್ಸು ಬೇಕಿಲ್ಲ. ಬಾಯಿತುದಿಯಿಂದ ಆಹಾ ಅಂದರೂ ಸಾಕು, ಎದುರಿಗಿರುವುದು ಕುಗ್ಗುತ್ತದೆ. ಬೈಯುವುದಕ್ಕೆ ಮಾತ್ರ ಒಳಗಿನಿಂದ ಬರಬೇಕು. ಇದು ನನ್ನದು, ಇದಕ್ಕೇನಾದರೂ ಆದರೆ ನನಗೆ ತಡೆಯಲಾಗದು ಅನ್ನುವ ಸಂಕಟ ಇಲ್ಲದೆ ಬೈದರೆ ಗಂಟಲು ನೋಯುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಹಾಗಾಗಿ ಕಳೆಯುವುದು ಯಾರಿಗಾದರೂ ಸುಲಭ, ತುಂಬುವುದು ಮನೆಯವರಿಗೆ ಮಾತ್ರ ಸಾಧ್ಯ.

ಗುಂಡಿಯನ್ನು ಬೈದು ತುಂಬುವ ಕೆಲಸ ನನ್ನದು. ನನಗಿಂತ ಮೊದಲು ನನ್ನ ಅತ್ತೆಯದಾಗಿತ್ತು. ನನ್ನ ಹೆಸರು ದೇವೀರಮ್ಮ. ದಡದ ಮೇಲಿನ ಹಳೆಯ ಲಾಡ್ಜು ನನ್ನದೇ. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಮೆಟ್ಟಿಲಿಳಿದು ಹೋಗಿ, ಸೆರಗು ಬಿಗಿದು, ‘ಏನೇ ಕೊಳಕಿ, ಇನ್ನೂ ಬಿದ್ಕೊಂಡಿದೀಯಾ? ಎಮ್ಮೆ ಮೂತಿ ತೊಳೆಯಕ್ಕೂ ಲಾಯಕ್ಕಿಲ್ಲ ನೀನು’ ಎಂದು ಶುರು ಮಾಡುತ್ತೇನೆ. ಹಿಂದಿನ ದಿನ ಜನ ಆಹಾ ಅಂದು ಇಳಿಸಿದ್ದನ್ನು ಅಷ್ಟಷ್ಟಾಗಿ ಮೇಲಕ್ಕೆತ್ತುತ್ತೇನೆ. ನಿನ್ನೆಯ ಬೈಗುಳವನ್ನೇ ಇವತ್ತೂ ಒಪ್ಪಿಸಿದರೆ ಅವಳು ಅಲುಗಾಡುವುದಿಲ್ಲ, ದಿನವೂ ಹೊಸದು ಹುಡುಕಬೇಕು. ಒಂದು ವರ್ಷ ಯಾವುದೋ ಪೇಪರಿನವರು ಬಣ್ಣದ ಫೋಟೋ ಹಾಕಿ ‘ಬೆಟ್ಟದ ಮೇಲಿನ ಸ್ವರ್ಗ’ ಎಂದು ಬರೆದರು. ಓದಿದವರೆಲ್ಲ ಎಲ್ಲೆಲ್ಲಿಯೋ ತಮ್ಮ ಮನೆಯಲ್ಲಿ ಕೂತು ಆಹಾ ಅಂದರು. ಆ ಬೇಸಿಗೆಯಲ್ಲಿ ಗುಂಡಿಗಿಳಿದ ಎಮ್ಮೆಗೆ ಮೊಣಕಾಲು ನೆನೆಯುತ್ತಿರಲಿಲ್ಲ. ಆಮೇಲೆ ನಾನು ವರ್ಷಗಟ್ಟಲೆ ಬೈದರೂ ಅರ್ಧ ಮಾತ್ರ ತುಂಬಿತು.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಬಂದ ಹೊಸದರಲ್ಲಿ ಏನೂ ತಿಳಿಯದೆ ನನ್ನ ಗಂಡ ಜವರಯ್ಯನಿಗೆ ‘ನಿಮ್ಮ ಮೀಸೆ ಚೆನ್ನಾಗದೆ’ ಅಂದೆ. ಗುಂಗುರು ಮೀಸೆ, ಮರುಗಳಿಗೆಗೆ ಹುಬ್ಬಿನಷ್ಟಾಗಿ ಹೋಯಿತು. ಅತ್ತೆ ವಾರವೆಲ್ಲ ಬೈದು ಅದನ್ನು ಮತ್ತೆ ಬೆಳೆಸಿದರು. ಅವತ್ತಿನಿಂದ ನಾನು ಅವನನ್ನು ಬೈದೇ ಸಾಕಿದೆ. ಕಾಯಿಲೆ ಬಿದ್ದು ಕಡೆಗಾಲ ಹತ್ತಿರ ಬಂದಾಗ ಅವನು, ‘ಒಂದೇ ಒಂದ್ ಒಳ್ಳೆ ಮಾತಾಡೆ ದೇವೀ’ ಅಂದ. ಹಾಸಿಗೆಯಲ್ಲಿ ಉಳಿದಿದ್ದದ್ದೇ ಹಿಡಿಯಷ್ಟು ಮನುಷ್ಯ. ‘ಮುಚ್ಕೊಂಡ್ ಮಲಕ್ಕೋ, ಶನಿ’ ಅಂದೆ. ಅದರಿಂದಲೇ ಅವನು ಇನ್ನೊಂದು ಬೇಸಿಗೆ ನೋಡಿದ. ನಾನು ಮಾಡಿದ್ದು ಸರಿಯೇ, ಅದರಲ್ಲಿ ನನಗೇನೂ ಅನುಮಾನವಿಲ್ಲ. ಆದರೆ ಅವನು ಕೇಳಿದ ಆ ಮಾತು ನನ್ನ ಗಂಟಲಲ್ಲೇ ಉಳಿದುಹೋಗಿದೆ.

ಇಂಥ ಊರಿಗೆ ತ್ರಿವಿಕ್ರಮರಾಯರು ಬಂದರು. ಬಾಗಿಲಿಗೆ ಬಗ್ಗಿ ಒಳಗೆ ಬರಬೇಕಾದಷ್ಟು ಎತ್ತರದ ಆಳು, ಬಿಳಿ ಜುಬ್ಬಾ, ಹೆಗಲಿಗೆ ಜೋಳಿಗೆ. ಪ್ರವಾಸದ ಪುಸ್ತಕ ಬರೆಯುವವರಂತೆ, ದೊಡ್ಡ ಹೆಸರಂತೆ. ಹಿಂದೆಯೇ ಹೆಂಡತಿ ಅಂಬುಜಾಕ್ಷಿ, ಕೈಯಲ್ಲಿ ಅವರ ಮಾತ್ರೆಗಳ ಡಬ್ಬಿ, ಬಿಸಿನೀರಿನ ಫ್ಲಾಸ್ಕು. ಊರ ಬಾಗಿಲಲ್ಲಿ ಪಟ್ಟಣ ಪಂಚಾಯ್ತಿಯವರು ‘ನೋಡಿ. ಹೋಗಿ. ಬಾಯಿ ಮುಚ್ಚಿಕೊಂಡಿರಿ’ ಎಂದು ದೊಡ್ಡ ಬೋರ್ಡು ಹಾಕಿದ್ದಾರೆ. ರಾಯರು ಅದನ್ನು ಓದಿ, ‘ಆಹಾ, ಎಂಥ ನೇರ ನುಡಿ!’ ಅಂದರಂತೆ. ಬೋರ್ಡು ಸ್ಲೇಟಿನಷ್ಟಾಯಿತು.

ಮಧ್ಯಾಹ್ನದ ಹೊತ್ತಿಗೆ ದೋಣಿ ಯೂಸುಫ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ಇಲ್ಲಿ ಉಳಿದಿರುವ ದೋಣಿಗಳೆಲ್ಲ ಅವನವೇ. ಸಂಸಾರವೂ ಅವುಗಳ ಮೇಲೆಯೇ ನಡೆಯಬೇಕು.

‘ದೇವೀರಕ್ಕಾ, ಆವಪ್ಪ ಪುಸ್ತಕ ಬರೀತಾನಂತೆ. ಬರೇ ನಮ್ ಗುಂಡಿ ಮ್ಯಾಲೇ, ಒಂದಿಡೀ ಪುಸ್ತಕ.’

‘ಬೈದು ಬರೀತಾನಾ?’

‘ಎಲ್ ಬೈತಾನೆ ಬಿಡಕ್ಕ. ದೋಣೀಲ್ ಕೂತ್ಕಂಡು ಒಂದೇ ಸಮ ಆಹಾ ಆಹಾ ಅಂತಿದ್ದ. ಹೋಗೋವಾಗ ನೀರಲ್ಲಿ ಹೋದೊ. ಬರೋವಾಗ ಇಳ್ದು ಕೆಸರಲ್ಲಿ ತಳ್ಕೊಂಡ್ ಬಂದೆ.’

ಪೇಪರಿನ ಒಂದು ಫೋಟೋ ಅಷ್ಟು ಕುಡಿದಿತ್ತು. ಒಂದಿಡೀ ಪುಸ್ತಕ ಬಂದರೆ ಗುಂಡಿಯ ತಳದಲ್ಲಿ ಹಲ್ಲಿ ಓಡಾಡುತ್ತದೆ. ಯೂಸುಫ ದೋಣಿಗಳನ್ನು ಒಡೆದು ಸೌದೆ ಮಾಡಬೇಕು. ನಾನು ಬೆಳಗೆದ್ದು ಯಾರನ್ನು ಬೈಯಲಿ?

ಆ ಮನುಷ್ಯನಿಗೆ ವಿಷಯ ಬಿಡಿಸಿ ಹೇಳಿ ನೋಡಿದೆ. ‘ಸಾರ್, ಇಲ್ಲಿ ಹೊಗಳಿದ್ರೆ ನೀರು ಇಳೀತದೆ. ನಿಮ್ ಕಣ್ಣಾರೆ ನೋಡ್ಕೊಂಡ್ ಬಂದ್ರಿ’ ಅಂದೆ. ಅವರು ಕಣ್ಣರಳಿಸಿ, ‘ಆಹಾ, ಎಂಥ ಮುಗ್ಧ ನಂಬಿಕೆ!’ ಎಂದು ಅದನ್ನೂ ಬರೆದುಕೊಂಡರು. ನನ್ನ ಸೀರೆ ಎರಡು ಬೆರಳು ಗಿಡ್ಡವಾಯಿತು, ಅಥವಾ ನಾನೇ ಗಿಡ್ಡವಾದೆನೋ, ಸಿಟ್ಟಿನಲ್ಲಿ ಗೊತ್ತಾಗಲಿಲ್ಲ.

ಬುದ್ಧಿ ಹೇಳಿ ಓಡಿಸಲಾಗದವರನ್ನು ಊಟ ಹಾಕಿ ಓಡಿಸಬಹುದು ಎಂದುಕೊಂಡೆ. ಒಲೆಯ ಹಿಂದಿನ ಕತ್ತಲೆ ರೂಮು ಕೊಟ್ಟೆ. ‘ಹೊಗೆಯ ಎಂಥ ಪರಿಮಳ’ ಅಂದರು. ಬೇಳೆ ಹಾಕದೆ ಸಾರು ಮಾಡಿ ಬಡಿಸಿದೆ. ‘ಆಹಾ, ಎಂಥ ತಿಳಿ! ನಗರದಲ್ಲಿ ಈ ಸರಳತೆ ಎಲ್ಲಿ?’ ಅಂದರು. ಪಾತ್ರೆಯಲ್ಲಿದ್ದ ಸಾರೆಲ್ಲ ಒಂದು ಚಮಚಕ್ಕಿಳಿದು, ಪಕ್ಕದ ಟೇಬಲ್ಲಿನವರಿಗೆ ಬರೀ ಅನ್ನ ಹಾಕಬೇಕಾಯಿತು. ಗಂಟುಗಂಟಾದ ಹಾಸಿಗೆಯನ್ನು ಹೊಗಳಿ ಹೊಗಳಿ ತೊಟ್ಟಿಲಿನಷ್ಟು ಮಾಡಿಕೊಂಡು, ಅದರ ಮೇಲೆ ಮುದುಡಿ ಮಲಗಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಎದ್ದು ಅದಕ್ಕೂ ಸಂತೋಷಪಟ್ಟರು. ಕಷ್ಟವನ್ನು ಎರಡು ದಿನಕ್ಕೆ ಬಾಡಿಗೆಗೆ ಹಿಡಿದವರು ಇವರು. ಒಲೆ ಊದಿ ಊದಿ ಕೆಂಪಾದ ನನ್ನ ಕಣ್ಣನ್ನೂ ಏನೋ ಒಂದು ಹೂವಿಗೆ ಹೋಲಿಸಲು ಹೊರಟಿದ್ದರು. ಸೌಟು ಎತ್ತಿದ ಮೇಲೆ ಸುಮ್ಮನಾದರು.

ಅಂಬುಜಾಕ್ಷಿ ಬೇರೆ ಥರದವರು. ಅವರು ನೀರಿನ ಕಡೆಗೆ ಹೋಗಲೇ ಇಲ್ಲ. ಅಡುಗೆಮನೆಗೆ ಬಂದು ಕಾಫಿ ಕೇಳಿದರು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, ‘ಸಕ್ಕರೆ ಕಮ್ಮಿ. ಹಾಲೂ ನೀರು. ಕಾಫೀನ ಹೀಗೆ ಕೊಲ್ತಾರೇನಮ್ಮ?’ ಅಂದರು. ಲೋಟದ ಕಾಫಿ ಉಕ್ಕಿ ಬಂದು ಬಸಿಗೆ ಚೆಲ್ಲಿತು. ಕಾಫಿಯ ಮೇಲೆ ಈ ಹೆಂಗಸಿಗೆ ನಿಜವಾದ ಸಂಕಟ ಇದೆ ಎಂದು ನನಗೆ ಆಗಲೇ ಗೊತ್ತಾಯಿತು.

‘ನಿಮ್ ಯಜಮಾನ್ರಿಗೆ ಸ್ವಲ್ಪ ಹೇಳಬಾರ್ದಾಮ್ಮ? ನಮ್ ಬದುಕು ಹಾಳಾಗ್ತಾ ಅದೆ’ ಅಂದೆ.

‘ನನ್ನ ಮಾತು ಅವರಿಗೆ ಕೇಳ್ಸಲ್ಲ. ಮನೇಲಿ ಎರಡು ಬೀರು ತುಂಬ ಸನ್ಮಾನದ ಶಾಲಿದೆ. ಶಾಲು ಹೊದಿಸಿದೋರ ಮಾತು ಮಾತ್ರ ಕೇಳ್ಸತ್ತೆ. ಜಾಗ ಸಾಲದೆ ನಾನು ಅವನ್ನ ಹರಿದು ದಿಂಬಿನ ಕವರ್ ಮಾಡಿದೀನಿ. ಅವರಿಗಿನ್ನೂ ಗೊತ್ತಿಲ್ಲ.’

ಅವರು ಬೇಸರದಲ್ಲಿ ಅಂದ ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ನೇರ ಪಂಚಾಯ್ತಿ ಆಫೀಸಿಗೆ ಹೋದೆ. ಅಧ್ಯಕ್ಷ ರುದ್ರೇಶಪ್ಪ ಕುರ್ಚಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಇವನಿಗೆ ಎರಡೇ ಆಸೆ, ಊರಿಗೆ ಜನ ಬರಬೇಕು, ತನ್ನ ಕೈಯಲ್ಲಿ ಮೈಕಿರಬೇಕು.

‘ಹೊಗಳೋದನ್ನ ಆವಪ್ಪ ಒಬ್ಬನೇ ಗುತ್ತಿಗೆ ತಗೊಂಡವ್ನಾ, ಅಧ್ಯಕ್ಷ್ರೇ? ನಾವೂ ಅವನನ್ನ ಹೊಗಳಾಣ. ಕರೆದು ಸನ್ಮಾನ ಮಾಡಿ’ ಅಂದೆ.

ರುದ್ರೇಶಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮುಖ ಹಿಗ್ಗಿತು. ‘ಎಷ್ಟ್ ಸಣ್ಣ ಮಾಡಾಣ?’

‘ಪೆನ್ನೆತ್ತಕ್ಕಾಗಬಾರ್ದು, ಅಷ್ಟ್ ಮಾಡಿ ಬಸ್ ಹತ್ತಿಸಿಬಿಡಿ. ಊರಿಗ್ ಹೋದ್ಮೇಲೆ ಹೆಂಗೋ ಸರಿಹೋಯ್ತನೆ.’

ಹೇಳುವುದು ಹೇಳಿ ಬಂದೆ. ಅಂಬುಜಾಕ್ಷಿಯವರಿಗೆ ಇದನ್ನು ತಿಳಿಸಲಿಲ್ಲ, ಅದೊಂದು ಮಾತ್ರ ಮನಸ್ಸಿನಲ್ಲಿ ಕುಟುಕುತ್ತಿತ್ತು.

ಸನ್ಮಾನವೆಂದರೆ ರಾಯರು ಕರೆಯುವ ಮೊದಲೇ ಜುಬ್ಬಾ ಬದಲಾಯಿಸಿ ಕೂತಿದ್ದರು. ಮಾರನೆಯ ದಿನವೇ ಸಮುದಾಯ ಭವನದಲ್ಲಿ ಏರ್ಪಾಟಾಯಿತು. ಸಿಂಹದ ಕೈಯಿರುವ ಕುರ್ಚಿ, ಜರಿಯ ಪೇಟ, ಶಾಲು, ಹಣ್ಣಿನ ಬುಟ್ಟಿ, ಏನೂ ಕಡಿಮೆ ಮಾಡಲಿಲ್ಲ. ಊರಿಗೆ ಊರೇ ಸೇರಿತ್ತು. ಆದರೆ ಸ್ವಾಗತ ಭಾಷಣಕ್ಕೆ ಎದ್ದ ಸ್ಕೂಲು ಮೇಷ್ಟರಿಗೆ ನಾಲಿಗೆಯೇ ಹೊರಳಲಿಲ್ಲ. ಹುಟ್ಟಿದಂದಿನಿಂದ ಯಾರನ್ನೂ ಹೊಗಳಿದವರಲ್ಲ. ‘ಇವರು... ಇವರು ಅಷ್ಟೇನೂ ಕೆಟ್ಟವರಲ್ಲ’ ಎಂದು ಬೆವರಿದರು. ರಾಯರು ಅಷ್ಟಕ್ಕೇ ಕೈಮುಗಿದು ಒಂದು ಗೇಣು ಕುಗ್ಗಿದರು.

ಅದನ್ನು ಕಂಡು ಜನಕ್ಕೆ ಧೈರ್ಯ ಬಂತು. ಎರಡನೆಯವರು ರಾಯರ ಭಾಷೆಯನ್ನು ಹೊಗಳಿದರು, ಮೂರನೆಯವರು ವಿನಯವನ್ನು. ಆಮೇಲೆ ಎದ್ದವರಿಗೆ ಲಗಾಮೇ ಇರಲಿಲ್ಲ. ಹೂವಿನವಳು ಮೈಕ್ ಕಿತ್ತುಕೊಂಡು ರಾಯರ ಕಿವಿಯನ್ನು ಹೊಗಳಿದಳು. ಕಟಿಂಗ್ ಶಾಪಿನವನು ಅವರ ಬೋಳುತಲೆಯ ಹೊಳಪಿನ ಬಗ್ಗೆ ಗದ್ಗದವಾಗಿ ಮಾತಾಡಿದ. ತಲೆತಲಾಂತರದಿಂದ ಬಾಯಿ ಕಟ್ಟಿಕೊಂಡಿದ್ದ ಜನ, ಮಕ್ಕಳಿಗೆ ಹೇಳದ್ದು, ಗಂಡಂದಿರಿಗೆ ಹೇಳದ್ದು, ಸತ್ತವರಿಗೆ ಹೇಳದ್ದು ಎಲ್ಲವನ್ನೂ ತಂದು ಆ ಗುರುತಿಲ್ಲದ ಮನುಷ್ಯನ ಮೇಲೆ ಸುರಿದರು. ಕೆಲವರು ಅಳುತ್ತಿದ್ದರು. ಹೊಗಳುವುದರಲ್ಲಿ ಇಂಥ ಸುಖ ಇದೆಯೆಂದು ನಮ್ಮವರಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ನನ್ನ ಬಾಯಿಗೂ ಏನೋ ಬಂತು, ಸೆರಗು ಕಚ್ಚಿಕೊಂಡೆ.

ಬಂದಾಗ ತ್ರಿವಿಕ್ರಮನಾಗಿದ್ದವರು ಕುರ್ಚಿಯಲ್ಲಿ ವಾಮನನಾಗಿ ಕೂತಿದ್ದರು. ಕಾಲು ನೆಲ ಮುಟ್ಟುತ್ತಿರಲಿಲ್ಲ, ಸ್ವಲ್ಪ ಹೊತ್ತಿಗೆ ಕುರ್ಚಿಯ ಅಂಚನ್ನೂ ಮುಟ್ಟಲಿಲ್ಲ. ಪೇಟ ಕಣ್ಣಿನ ಮೇಲೆ ಜಾರಿತು. ಅವರಿಗೆ ಇದೊಂದೂ ತಿಳಿದಂತೆ ಕಾಣಲಿಲ್ಲ. ಕುರ್ಚಿ ಬಹಳ ವಿಶಾಲವಾಗಿದೆ ಎಂದು ಪಕ್ಕದವರಿಗೆ ಹೇಳಿದರು. ಆ ಮಾತಿಗೆ ಕುರ್ಚಿಯೂ ಕುಗ್ಗಿದ್ದರಿಂದ ಯಾರಿಗೂ ಲೆಕ್ಕ ಸಿಗಲಿಲ್ಲ.

ಪೆನ್ನೆತ್ತಲಾಗದ ಹದ ಬಂದಾಗ ನಾನು ರುದ್ರೇಶಪ್ಪನಿಗೆ ಸಾಕು ಎಂದು ಸನ್ನೆ ಮಾಡಿದೆ. ಅಧ್ಯಕ್ಷೀಯ ಭಾಷಣ ಆಗಷ್ಟೇ ಶುರುವಾಗಿತ್ತು. ಅವನು ಕಣ್ಣು ಮುಚ್ಚಿ, ‘ಇನ್ನು ಎರಡೇ ಎರಡು ಮಾತು ಹೇಳಿ ಮುಗಿಸುತ್ತೇನೆ’ ಎಂದು ಮತ್ತೆ ಮೊದಲಿಂದ ಹಿಡಿದ. ‘ಸಾಹಿತ್ಯ ಲೋಕದ ಮೇರು’ ಅಂದ. ‘ಮಹಾಚೇತನ’ ಅಂದ. ಒಂದೊಂದು ಬಿರುದಿಗೂ ಪೇಟ ಒಂದೊಂದು ಅಂಗುಲ ಕೆಳಗಿಳಿದು ಕಡೆಗೆ ಬುಟ್ಟಿ ಕವುಚಿದಂತೆ ಅವರನ್ನು ಪೂರ್ತಿ ಮುಚ್ಚಿಕೊಂಡಿತು. ಯೂಸುಫ ಓಡಿಹೋಗಿ ಮೈಕಿನ ವೈರು ಕಿತ್ತ. ನಾನು ವೇದಿಕೆ ಹತ್ತಿ ಪೇಟ ಎತ್ತಿ ನೋಡಿದೆ. ಹಣ್ಣಿನ ಬುಟ್ಟಿಯ ಮೂಸಂಬಿಗಿಂತ ಸ್ವಲ್ಪ ದೊಡ್ಡವರಾಗಿ, ಕೈಮುಗಿದುಕೊಂಡು, ನಗುತ್ತಾ ಕೂತಿದ್ದರು. ಇನ್ನೂ ಯಾರಾದರೂ ಮಾತಾಡುತ್ತಾರೇನೋ ಎಂದು ಕಾಯುತ್ತಿದ್ದರು.

ಹೀಗೆ ಮಾಡಿ ಎಂದವಳು ನಾನೇ. ‘ಬೈಯ್ರೋ, ಎಲ್ರೂ ಬೈಯ್ರೋ’ ಎಂದು ಕೂಗಿದೆ. ಯೂಸುಫ ‘ಲೇ ಕೆಸರ್ ಮಾಡಿದೋನೇ’ ಅಂದ. ಹೂವಿನವಳು ಮೂರು ತಲೆಮಾರು ಜಾಲಾಡಿದಳು. ನಾನು ಗುಂಡಿಗೆ ಮೀಸಲಿಟ್ಟಿದ್ದ ಒಳ್ಳೊಳ್ಳೆಯ ಬೈಗುಳಗಳನ್ನೆಲ್ಲ ತೆಗೆದೆ. ಒಂದು ಕೂದಲೆಳೆಯಷ್ಟೂ ಬೆಳೆಯಲಿಲ್ಲ. ಹೇಗೆ ಬೆಳೆದಾರು? ಅವರು ನಮಗೆ ಯಾರು? ಸತ್ತರೆ ಪೊಲೀಸರು ಬರುತ್ತಾರೆ ಅನ್ನುವ ಹೆದರಿಕೆ ಬಿಟ್ಟರೆ ಆ ಸಭೆಯಲ್ಲಿ ಒಬ್ಬರಿಗೂ ಅವರ ಮೇಲೆ ಬೇರೆ ಸಂಕಟ ಇರಲಿಲ್ಲ.

ಆಗ ಮುಂದಿನ ಸಾಲಿನಿಂದ ಅಂಬುಜಾಕ್ಷಿ ಎದ್ದರು. ಫ್ಲಾಸ್ಕನ್ನು ಕುರ್ಚಿಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇದಿಕೆ ಹತ್ತಿ ಬಂದು ಕುರ್ಚಿಯ ಎದುರು ನಿಂತರು.

‘ಏನ್ರೀ ಇದು ನಿಮ್ಮ ಅವತಾರ? ನಾಚಿಕೆ ಆಗಲ್ವಾ? ಯಾರೋ ಮುಖ ಪರಿಚಯ ಇಲ್ದೋರು ಮಹಾಚೇತನ ಅಂದ್ರೆ ಹಲ್ಲು ಕಿರೀತಾ ಕೂತಿದೀರಲ್ಲ! ಬೆಳಿಗ್ಗೆ ಬಿಪಿ ಮಾತ್ರೆ ತಗೊಂಡ್ರಾ? ಇಲ್ಲ. ನನಗ್ಗೊತ್ತು.’

ರಾಯರು ಒಂದು ಗೇಣು ಬೆಳೆದರು.

‘ಮನೆ ನಲ್ಲಿ ಸೋರ್ತಿದೆ ಅಂತ ಹೇಳಿ ಹೇಳಿ ಬಾಯಿ ನೋವು ಬಂತು. ನೀವು ಜಲಪಾತ ನೋಡಕ್ಕೆ ಹೋದ್ರಿ. ನಿಮ್ಮ ತಾಯಿಗೆ ಆಪರೇಷನ್ ಆದಾಗ ಎಲ್ಲಿದ್ರಿ? ಯಾವುದೋ ಕಣಿವೆ ಅಂಚಲ್ಲಿ ನಿಂತು ಆಹಾ ಅಂತಿದ್ರಿ. ಅವರ ಕಾಲು ಒತ್ತಿದೋಳು ನಾನು. ಬೆಟ್ಟಕ್ಕೆ ಆಹಾ, ಹಳ್ಳಕ್ಕೆ ಆಹಾ, ಹಳಸಿದ ಇಡ್ಲಿಗೂ ಆಹಾ. ಮನೇಲಿರೋಳ ಮುಖ ನೋಡಿ ಒಂದು ದಿನ ಅಂದಿದೀರಾ? ಅನ್ನದೇ ಇದ್ದಿದ್ದೇ ಒಳ್ಳೇದಾಯ್ತು. ಇಷ್ಟಾದ್ರೂ ಉಳ್ಕೊಂಡಿದೀನಿ!’

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅಂಬುಜಾಕ್ಷಿ ಅಳುತ್ತಿದ್ದರು, ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅವರಲ್ಲಿ ಮದುವೆಯಾದಂದಿನಿಂದ ಕೂಡಿಟ್ಟ ದಾಸ್ತಾನಿತ್ತು. ರಾಯರ ಕಾಲು ನೆಲ ಮುಟ್ಟಿತು, ಹಾರ ಕುತ್ತಿಗೆಗೆ ಬಿಗಿಯಾಯಿತು, ಪೇಟ ನೆತ್ತಿಯ ಮೇಲೆ ಬೋಗುಣಿಯಂತೆ ನಿಂತಿತು. ಅವರು ಕುರ್ಚಿಯಿಂದ ಎದ್ದು ನಿಂತಾಗ ಬಂದದ್ದಕ್ಕಿಂತ ಎರಡು ಅಂಗುಲ ಹೆಚ್ಚೇ ಇದ್ದರೆಂದು ಯೂಸುಫ ಇಂದಿಗೂ ವಾದಿಸುತ್ತಾನೆ.

ಪೂರ್ತಿ ಆಳಾದ ಮೇಲೆ ರಾಯರು ಮೊದಲು ಆಡಿದ ಮಾತು, ‘ಅಂಬುಜಾ, ತುಂಬಿದ ಸಭೆಯಲ್ಲಿ ನನ್ನ ಮಾನ ತೆಗೆದೆ’ ಎಂದು.

‘ಜೀವ ಉಳಿಸಿದೆ. ನಡೀರಿ’ ಅಂದರು ಅವರು, ಮೂಗು ಒರೆಸಿಕೊಳ್ಳುತ್ತ.

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಿರುದುಗಳನ್ನೆಲ್ಲ ನಂಬಿದ್ದ ರಾಯರು ಆ ನಗೆಯನ್ನೂ ನಂಬಿದರು. ಮುಖ ಸುಟ್ಟ ಬದನೆಕಾಯಿಯಂತಾಯಿತು. ಶಾಲನ್ನು ಅಲ್ಲೇ ಕೆಡವಿ ಇಳಿದು ಹೋದರು. ಲಾಡ್ಜಿಗೆ ಬಂದು ಚೀಲ ಕಟ್ಟಿದರು. ಬಸ್ಸು ಹತ್ತುವ ಮುಂಚೆ ಅಂಬುಜಾಕ್ಷಿ ನನ್ನ ಅಡುಗೆಮನೆಗೆ ಬಂದರು. ನಾನು ತಲೆ ಎತ್ತಲಿಲ್ಲ.

‘ಇದು ನಿಮ್ಮ ತಲೆಯಿಂದ ಬಂದಿದ್ದು ಅಂತ ಗೊತ್ತಾಯ್ತು. ಕಟುಕಿ ಕಣಮ್ಮ ನೀವು. ಹೋಗ್ಲಿ ಅಂದ್ರೆ ಕಾಫಿ ಮಾಡಕ್ಕೂ ಬರಲ್ಲ’ ಅಂದರು.

ನನ್ನ ಕೈಬಳೆ ಬಿಗಿಯಾಯಿತು. ನೋಡಿದರೆ ನನ್ನ ಮಣಿಕಟ್ಟು ತುಂಬಿಕೊಂಡಿತ್ತು. ಆ ಹೆಂಗಸು ಅಷ್ಟಾದ ಮೇಲೂ ನನ್ನನ್ನು ಅಕ್ಕರೆಯಿಂದ ಬೈದಿದ್ದರು. ಅವರು ಹೋದ ಮೇಲೆ ನಾನು ಅವತ್ತಿನ ಹಾಲಿಗೆ ನೀರು ಬೆರೆಸಲಿಲ್ಲ.

ಪುಸ್ತಕ ಬರಲಿಲ್ಲ. ಅದರ ಬದಲು ಪೇಪರಿನಲ್ಲಿ ಒಂದು ಲೇಖನ ಬಂತು. ಯೂಸುಫ ಅದನ್ನು ತಂದು ನನ್ನೆದುರು ಹಿಡಿದ. ‘ಸರೋವರವಲ್ಲ, ಗುಂಡಿ’ ಎಂದು ದಪ್ಪಕ್ಷರದಲ್ಲಿತ್ತು. ಗುಂಡಿಗೆ, ಊರಿಗೆ, ಸಾರಿಗೆ, ಹಾಸಿಗೆಗೆ, ಅಧ್ಯಕ್ಷರ ಭಾಷಣಕ್ಕೆ, ಒಂದನ್ನೂ ಬಿಡದೆ ರಾಯರು ಉಗಿದಿದ್ದರು. ಆದರೆ ಓದುತ್ತಾ ಹೋದರೆ ಇದು ಮನಸ್ಸು ಮುರಿದುಕೊಂಡವನ ಬರಹ ಎಂದು ತಿಳಿಯುತ್ತಿತ್ತು. ಆ ನೀರನ್ನು ಅವರು ನಿಜಕ್ಕೂ ಹಚ್ಚಿಕೊಂಡಿದ್ದರು. ಹಚ್ಚಿಕೊಳ್ಳದವನು ಹಾಗೆ ಬೈಯಲಾರ.

ಅವತ್ತು ಸಂಜೆಯೇ ಯೂಸುಫನ ದೋಣಿಗಳು ಕೆಸರಿನಿಂದ ಎದ್ದು ತೇಲಿದವು. ಮೋಡವಿಲ್ಲ, ಮಳೆಯಿಲ್ಲ, ನೀರು ಏರುತ್ತಲೇ ಹೋಯಿತು. ನಾನು ಸೊಸೆಯಾಗಿ ಬಂದಾಗ ಅತ್ತೆ ನಿಂತು ಬೈಯುತ್ತಿದ್ದ ಮೇಲಿನ ಮೆಟ್ಟಿಲಿಗೆ ಬಂದು ನಿಂತಿತು. ಊರು ಕುಣಿಯಬೇಕಿತ್ತು, ಕುಣಿಯಿತು, ಒಂದೇ ದಿನ. ಲೇಖನ ಓದಿದ ಜನ ಬೇರೆ ಬೆಟ್ಟ, ಬೇರೆ ನೀರು ಹುಡುಕಿಕೊಂಡು ಹೋದರು. ಬಸ್ಸು ಖಾಲಿ ಬಂದು ಖಾಲಿ ಹೋಗತೊಡಗಿತು. ನನ್ನ ಲಾಡ್ಜಿನ ರೂಮುಗಳಲ್ಲಿ ಜೇಡ ಬಲೆ ಕಟ್ಟಿತು. ರುದ್ರೇಶಪ್ಪ ನನ್ನ ಮನೆ ಬಾಗಿಲಿಗೆ ಬಂದು, ‘ನೀರ್ ಇಟ್ಕೊಂಡ್ ನೆಕ್ಕಾಣ್ವಾ ದೇವೀರಮ್ಮ? ಯಾರಾದ್ರೂ ಒಬ್ಬ ಒಳ್ಳೆ ಲೇಖಕನ್ನ ಕರೆಸಾಣ’ ಅಂದ. ನೀರಿಲ್ಲ ಎಂದು ಗೋಳಾಡಿದ್ದ ಬಾಯಿಯೇ ಅದು. ನಾನು ಬಾಗಿಲು ಹಾಕಿಕೊಂಡೆ.

ಹೀಗಿದ್ದಾಗ ಒಂದು ಬೆಳಿಗ್ಗೆ ಎಂದಿನಂತೆ ಬೈಯಲು ಹೋದೆ. ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸೆರಗು ಬಿಗಿದು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಅಂಚಿನವರೆಗೆ ತುಂಬಿ, ಅಲುಗಾಡದೆ, ಮೂರು ಬೆಟ್ಟಗಳನ್ನೂ ತಲೆಕೆಳಗಾಗಿ ಮಡಿಲಲ್ಲಿ ಇಟ್ಟುಕೊಂಡು ಮಲಗಿದ್ದಳು. ಇವಳನ್ನು ಇಷ್ಟು ವರ್ಷ ಬೈದು ಬೈದು ಕಾದದ್ದು ಹೀಗೆ ನೋಡುವುದಕ್ಕೆ. ಈಗ ಹೀಗಿದ್ದಾಳೆ, ನೋಡುವವಳು ನಾನೊಬ್ಬಳೇ. ಇವತ್ತೂ ಕೊಳಕಿ ಅಂದು ಹಿಂದಿರುಗಿದರೆ ಇವಳನ್ನು ತುಂಬಿದ್ದು ಯಾತಕ್ಕೆ? ಜವರಯ್ಯನ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದು ನೆನಪಾಯಿತು. ಹಿಂದೆ ಮುಂದೆ ನೋಡಿದೆ. ಯಾರೂ ಇರಲಿಲ್ಲ.

‘ಚೆಂದಾಗಿದೀಯ ಕಣೇ’ ಅಂದೆ.

ನೀರು ಸದ್ದಿಲ್ಲದೆ ಇಳಿದು ಒಂದು ಮೆಟ್ಟಿಲು ಹೊರಗೆ ಬಂತು. ಬರಲಿ ಅಂದುಕೊಂಡೆ. ಆ ಒದ್ದೆ ಮೆಟ್ಟಿಲ ಮೇಲೆ ಕೂತೆ. ಗಂಟಲಲ್ಲಿದ್ದದ್ದು ಇನ್ನೂ ಉಳಿದಿತ್ತು. ‘ಅವನೂ ಚೆಂದಾಗಿದ್ದ. ಅವನ ಮೀಸೆ ಚೆನ್ನಾಗಿತ್ತು. ದೋಣಿಯಿಂದ ಇಳಿಯೋವಾಗ ಕೈ ಕೊಡ್ತಿದ್ದ, ಯಾರಿದ್ರೂ ನಾಚ್ಕೊಳ್ತಿರಲಿಲ್ಲ. ನನ್ನ ಬೈಗುಳಕ್ಕೆ ಒಂದಿನ ತಿರುಗಿ ಬೈಯಲಿಲ್ಲ’ ಎಂದು ನೆನಪಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಎಷ್ಟು ಹೇಳಿದರೂ ಏನೂ ಕುಗ್ಗಲಿಲ್ಲ. ಸತ್ತವರನ್ನು ಎಷ್ಟು ಬೇಕಾದರೂ ಹೊಗಳಬಹುದು ಎಂದು ಈ ಊರಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಬಿಸಿಲು ಮೇಲೆ ಬರುವವರೆಗೂ ಅಳುತ್ತ ಕೂತಿದ್ದೆ.

ಆಮೇಲೆ ಎದ್ದು ಕಣ್ಣು ಒರೆಸಿಕೊಂಡು ಸೆರಗು ಬಿಗಿದೆ. ‘ಏನೇ ಕಿವಿ ನಿಮಿರಿಸ್ಕೊಂಡ್ ಕೇಳ್ತಿದೀಯ, ಕಂಡೋರ ಮನೆ ಮಾತ? ಹಲ್ಕಾ ಗುಂಡಿ!’ ಅಂದೆ. ನೀರು ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು ನನ್ನ ಪಾದ ಮುಟ್ಟಿತು.